ಹೆಸರು, ಹಸಿರು

ಹ್ಯಾಲಿಫ್ಯಾಕ್ಸಿನ ಇಳಿಜಾರು ಓಣಿಯಲ್ಲಿ ನಮ್ಮ ಮುದ್ರಣದಂಗಡಿ.
ಗಿರಣಿಗಳು ಬಾಗಿಲು ಹಾಕಿ ಎಷ್ಟು ಕಾಲವಾಯಿತೋ,
ಗೋಡೆಗಲ್ಲಿಗೆ ಹತ್ತಿದ ಮಸಿ ಇನ್ನೂ ಬಿಟ್ಟಿಲ್ಲ.
ಇಂಥ ಊರಿನಲ್ಲಿ ನಾನು ಬಣ್ಣ ಮಾರುತ್ತೇನೆ,
ಅಂಗೈಯಗಲದ ದಪ್ಪ ಕಾಗದದ ಮೇಲೆ,
ಇನ್ನೂರೈವತ್ತರ ಕಟ್ಟು.

ಬಣ್ಣದ ಮಾತಿಗೆ ಮರುಳಾಗಬೇಡ ಎಂದು ಬೆಳೆಸಿದ ಮನೆ ನಮ್ಮದು.
ಈಗ ಅದೇ ಮಾತು ನನ್ನ ಸಂಬಳ.

ಯಜಮಾನಿ ಮಾರ್ಜೊರಿ ಗೋಡೆಗೆ ಅಂಟಿಸಿದ ಪಟ್ಟಿ ಹೇಳುತ್ತದೆ:
ನೀಲಿ ನಂಬಿಸುತ್ತದೆ, ಕೆಂಪು ಹಸಿವು ಕೆರಳಿಸುತ್ತದೆ,
ಹಸಿರು ಸಮಾಧಾನ, ಹಳದಿ ಅಗ್ಗ.
ಮೀನಿನಂಗಡಿಯವನು ನೀಲಿ ಕೇಳಿದ, ಸಮುದ್ರವಲ್ಲವೇ ಎಂದು.
ಅವಳು ಬಿಡಲಿಲ್ಲ: ನೀಲಿ ಕಂಡು ಯಾರ ಬಾಯಲ್ಲೂ ನೀರೂರದು.
ಶವಪೆಟ್ಟಿಗೆ ಮಾಡುವ ಅಣ್ಣತಮ್ಮಂದಿರು
ನೇರಳೆಗೂ ಕಪ್ಪಿಗೂ ಒಂದು ಮಧ್ಯಾಹ್ನವಿಡೀ ಜಗಳಾಡಿ
ಕೆನೆಬಣ್ಣಕ್ಕೆ ರಾಜಿಯಾದರು.

ಇದನ್ನಿಲ್ಲಿ ಶಾಸ್ತ್ರ ಎನ್ನುತ್ತಾರೆ.
ಗದಗಿನ ಪ್ರೆಸ್ಸಿನಲ್ಲಿ ನಮ್ಮ ಸೋದರತ್ತೆ
ಲಗ್ನಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು.
ಓದು ಬಾರದ ಮುದುಕಿ ಮೂಲೆ ನೋಡಿಯೇ ನಗುತ್ತಿದ್ದಳು,
ಯಾರದಂತೆ, ಯಾವಾಗಂತೆ, ಆಮೇಲೆ.
ಮೂಲೆ ಹರಿದ ಕಾರ್ಡು ಬಂದರೆ
ಓದುವ ಮೊದಲೇ ಅಳು.

ಮಂಗಳವಾರ ಬಂದವನು ಕ್ಲಿಫರ್ಡ್ ಗ್ರೀನ್‌ವುಡ್.
ಬೀಗ ರಿಪೇರಿ, ಕಳೆದ ಕೀಲಿಕೈಗೆ ಜೋಡಿ.
ಮಾದರಿಗಳ ಹಲಗೆ ಮುಂದಿಟ್ಟೆ. ನೋಡಲಿಲ್ಲ, ಮುಟ್ಟಿದ;
ಒಂದೊಂದನ್ನೂ ಉಗುರಿಂದ ಗೀರಿ ಸದ್ದು ಕೇಳಿದ.
“ಇದು ಹಸಿರೋ ಕಂದೋ ನೀನೇ ಹೇಳಬೇಕಮ್ಮ,
ನನ್ನ ಕಣ್ಣಿಗೆ ಎರಡೂ ಒಣಹುಲ್ಲು.”

ರೈಲು ಓಡಿಸುವ ಆಸೆಯಿತ್ತಂತೆ.
ಹದಿನೆಂಟರಲ್ಲಿ ಡಾಕ್ಟರು ಚುಕ್ಕೆಗಳ ಪುಸ್ತಕ ತೆರೆದು
ಯಾವ ಅಂಕಿ ಎಂದರಂತೆ.
ಊರಿಗೆಲ್ಲ ಕಾಣುವ ಎಪ್ಪತ್ನಾಲ್ಕು
ಇವನೊಬ್ಬನಿಗೆ ಚುಕ್ಕೆಯಲ್ಲಿ ಚುಕ್ಕೆಯಾಗಿ ಕರಗಿತು.
“ಕೀಲಿಕೈಗೆ ಬಣ್ಣ ಬೇಡ, ಹಲ್ಲು ಸಾಕು,”
ಎಂದು ನಕ್ಕ. ಅವನದೂ ಎರಡು ಇರಲಿಲ್ಲ.

ನಿನ್ನ ಹೆಸರಲ್ಲೇ ಹಸಿರು ಕಾಡಿದೆಯಲ್ಲ, ಎಂದೆ.
ನಿಮ್ಮ ಭಾಷೆಯಲ್ಲಿ ಹೇಗೆ ಎಂದ. ಹೇಳಿಕೊಟ್ಟೆ:
ಹೆಸರು. ಹಸಿರು.
ಮೂರು ಸಲ ಅಂದ. ಮೂರು ಸಲವೂ
ಎರಡೂ ಒಂದೇ ಆಗಿ ಬಂದವು ಅವನ ಬಾಯಲ್ಲಿ.
ನನ್ನ ಕಿವಿಗೆ ಹಗಲು ರಾತ್ರಿ, ಅವನಿಗೆ ಒಣಹುಲ್ಲು.

ನೀಲಿ ನಿನಗೂ ಕಾಣುತ್ತೆ, ನೀಲಿಯೇ ಇರಲಿ, ಎಂದೆ.
“ಕಾರ್ಡು ನಾನು ನೋಡೋಕಲ್ಲವಲ್ಲ.
ರಾತ್ರಿ ಎರಡಕ್ಕೆ ಮೆಟ್ಟಿಲ ಮೇಲೆ ನಿಂತವರು ನೋಡೋದು.
ಅಂಕಿ ಉಬ್ಬಿರಲಿ. ಬಣ್ಣ ನಿನಗೆ ಬಿಟ್ಟಿದ್ದು.”

ಹಸಿರೇ ಕಲೆಸಿದೆ.
ಪಟ್ಟಿಯಲ್ಲಿಲ್ಲದ್ದು, ನೆನೆದ ಹೆಸರುಕಾಳು
ಸಿಪ್ಪೆ ಬಿಡುವ ಹೊತ್ತಿನ ಹಸಿರು.
ಬೀಗದವನಿಗೆ ಯಾಕೆ ಸಮಾಧಾನ ಎಂದು ಮಾರ್ಜೊರಿ ಹುಬ್ಬೇರಿಸಿದಳು.
ಪೆಟ್ಟಿಗೆ ತೆರೆದು ಬಹಳ ಹೊತ್ತು ನೋಡಿದ ಅವನು.
ಚೆನ್ನಾಗಿದೆ, ಎಂದ.
ಏನು ಕಂಡಿತೋ.

ಜನವರಿಯಲ್ಲಿ ಒಂದು ರಾತ್ರಿ ನನ್ನದೇ ಬಾಗಿಲು
ನನ್ನ ಹಿಂದೆ ಮುಚ್ಚಿಕೊಂಡಿತು, ಕೀಲಿಕೈ ಒಳಗೆ.
ನಮ್ಮ ಓಣಿಯ ಬೀದಿದೀಪ ಹಳೆಯದು, ಕಿತ್ತಳೆ ಬೆಳಕು.
ಪರ್ಸಿನಿಂದ ಅವನ ಕಾರ್ಡು ತೆಗೆದೆ.
ಕೋಟು ಕೆಂಪೋ, ಬಾಗಿಲು ನೀಲಿಯೋ,
ಎಲ್ಲ ಒಂದೇ ಮಣ್ಣು.
ನನ್ನ ಹಸಿರಿನ ಸುಳಿವೂ ಇರಲಿಲ್ಲ.
ಬೆರಳಿಗೆ ಅಂಕಿ ಸಿಕ್ಕಿತು, ಒಂದೊಂದಾಗಿ.
ಅದರಲ್ಲಿ ಎಪ್ಪತ್ನಾಲ್ಕಿತ್ತೋ ಇಲ್ಲವೋ,
ಆ ಚಳಿಯಲ್ಲಿ ನೋಡಲು ಹೋಗಲಿಲ್ಲ.